ಜಾಗ ಇದ್ದರೂ ಕಾಪಿ ಆಗದ ಫೈಲ್: 4 ಜಿಬಿ ಮಿತಿ ಎಲ್ಲಿಂದ ಬಂತು, ದಾಟುವುದು ಹೇಗೆ

ಅಂಗಡಿಯಿಂದ ತಂದ 32 ಜಿಬಿ ಪೆನ್ ಡ್ರೈವ್ ಪೂರ್ತಿ ಖಾಲಿ ಇದೆ. ಮದುವೆಯ ವಿಡಿಯೊ ಬರೀ 6 ಜಿಬಿ. ಕಾಪಿ ಮಾಡಿ ಪೇಸ್ಟ್ ಒತ್ತಿದ ತಕ್ಷಣ ವಿಂಡೋಸ್ ಒಂದು ಕಿಟಕಿ ತೆರೆದು ‘ಫೈಲ್ ಈಸ್ ಟೂ ಲಾರ್ಜ್ ಫಾರ್ ದ ಡೆಸ್ಟಿನೇಶನ್ ಫೈಲ್ ಸಿಸ್ಟಮ್’ ಎಂದು ಹೇಳಿ ನಿಂತುಬಿಡುತ್ತದೆ. ಬಹಳ ಜನ ಇದನ್ನು ‘ಜಾಗ ಸಾಲುತ್ತಿಲ್ಲ’ ಎಂದು ಓದಿಕೊಂಡು ಡ್ರೈವ್‌ನಲ್ಲಿ ಇದ್ದಬದ್ದದ್ದನ್ನೆಲ್ಲ ಅಳಿಸುತ್ತಾರೆ, ಇಲ್ಲವೇ 64 ಜಿಬಿಯದನ್ನು ಕೊಳ್ಳಲು ಹೊರಡುತ್ತಾರೆ. 64 ಜಿಬಿಯದು ತಂದರೆ ಸಮಸ್ಯೆ ಮಾಯವಾಗುವುದೂ ಉಂಟು. ಆದರೆ ಅದು ದೊಡ್ಡದು ಎಂಬ ಕಾರಣಕ್ಕಲ್ಲ, ಕಾರ್ಖಾನೆಯಿಂದಲೇ ಬೇರೆ ಫಾರ್ಮ್ಯಾಟ್‌ನಲ್ಲಿ ಬರುತ್ತದೆ ಎಂಬ ಕಾರಣಕ್ಕೆ. ಕೈಯಲ್ಲಿರುವ ಡ್ರೈವ್‌ನ ಫಾರ್ಮ್ಯಾಟನ್ನೇ ಬದಲಿಸಿದರೆ ಒಂದು ಪೈಸೆ ಖರ್ಚಿಲ್ಲದೆ ಅದೇ ಕೆಲಸ ಆಗುತ್ತದೆ.

ಮೊದಲು ರೋಗ ಇದೇನಾ ಎಂದು ಖಚಿತ ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ‘ದಿಸ್ ಪಿಸಿ’ ತೆರೆದು ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ ಒಳಗೆ ‘ಫೈಲ್ ಸಿಸ್ಟಮ್’ ಎಂಬ ಸಾಲು ನೋಡಿ. ಮ್ಯಾಕ್‌ನಲ್ಲಿ ಡ್ರೈವ್ ಆರಿಸಿ ಕಮಾಂಡ್ ಮತ್ತು ಐ ಕೀ ಒತ್ತಿದರೆ ‘ಫಾರ್ಮ್ಯಾಟ್’ ಎಂಬಲ್ಲಿ ಕಾಣುತ್ತದೆ. ಅಲ್ಲಿ ‘ಫ್ಯಾಟ್32’ ಎಂದಿದ್ದು, ನಿಮ್ಮ ಫೈಲ್ 4 ಜಿಬಿ ಮೀರಿದ್ದರೆ ಮುಂದೆ ಓದಿ. ‘ಎಕ್ಸ್‌ಫ್ಯಾಟ್’ ಅಥವಾ ‘ಎನ್‌ಟಿಎಫ್‌ಎಸ್’ ಎಂದಿದ್ದೂ ಕಾಪಿ ಆಗುತ್ತಿಲ್ಲವಾದರೆ ಕಾರಣ ಬೇರೆ. ಅದಕ್ಕೆ ಲೇಖನದ ಕೊನೆಯ ಭಾಗ ನೋಡಿ.

ನಾಲ್ಕು ಬೈಟಿನ ಖಾನೆ

ಫೈಲ್ ಸಿಸ್ಟಮ್ ಎಂದರೆ ಡ್ರೈವ್‌ನ ಲೆಕ್ಕದ ಪುಸ್ತಕ. ಯಾವ ಫೈಲ್ ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದ ಇದೆ, ಯಾವ ದಿನ ಬರೆದದ್ದು ಎಂಬುದೆಲ್ಲ ಇದರಲ್ಲಿ ದಾಖಲಾಗಿರುತ್ತದೆ. ಫ್ಯಾಟ್32ರಲ್ಲಿ ಪ್ರತಿ ಫೈಲಿಗೂ 32 ಬೈಟಿನ ಒಂದು ದಾಖಲೆ ಇರುತ್ತದೆ. ಅದರ ಮೊದಲ 11 ಬೈಟು ಹೆಸರಿಗೆ. ಮಧ್ಯೆ ದಿನಾಂಕ, ಸಮಯ, ಫೈಲ್ ಶುರುವಾಗುವ ಜಾಗದ ಸಂಖ್ಯೆ ಇವೆಲ್ಲ ಬರುತ್ತವೆ. ಕೊನೆಯ 4 ಬೈಟು ಫೈಲಿನ ಗಾತ್ರಕ್ಕೆ ಮೀಸಲು.

ಮಿತಿ ಹುಟ್ಟಿದ್ದು ಈ ಕೊನೆಯ ಖಾನೆಯಲ್ಲಿ. 4 ಬೈಟ್ ಎಂದರೆ 32 ಬಿಟ್. ಅದರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 429 ಕೋಟಿ 49 ಲಕ್ಷ 67 ಸಾವಿರದ 295. ಐದು ಅಂಕಿಯ ಹಳೆಯ ಕರೆಂಟ್ ಮೀಟರ್ 99,999 ದಾಟಿ ತೋರಿಸಲಾರದು, ಅದಕ್ಕೂ ಮನೆಯಲ್ಲಿ ಎಷ್ಟು ಕರೆಂಟ್ ಉರಿಯುತ್ತದೆ ಎಂಬುದಕ್ಕೂ ಸಂಬಂಧವಿಲ್ಲ. ಇಲ್ಲೂ ಹಾಗೆಯೇ. ಫೈಲಿನ ತುಣುಕುಗಳನ್ನು ಒಂದರ ಹಿಂದೊಂದು ಪೋಣಿಸುತ್ತಾ ಹೋಗಲು ಫ್ಯಾಟ್32ಗೆ ಯಾವ ಅಡ್ಡಿಯೂ ಇಲ್ಲ, ಜಾಗವೂ ಇದೆ. ಆದರೆ ‘ಈ ಫೈಲ್ ಇಷ್ಟು ಉದ್ದ’ ಎಂದು ಬರೆದಿಡಲು ಖಾನೆ ಸಾಲದು. ಹಾಗಾಗಿ ನಿಖರ ಮಿತಿ 4 ಜಿಬಿ ಅಲ್ಲ, 4 ಜಿಬಿಗೆ ಒಂದು ಬೈಟ್ ಕಡಿಮೆ. ಈ ಒಂದು ಬೈಟು ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿಡಿ.

ಖಾನೆಯನ್ನು ಅಗಲ ಮಾಡಿಬಿಡಬಾರದಿತ್ತೇ? ಸಾಧ್ಯವಿರಲಿಲ್ಲ. ಜಗತ್ತಿನ ಎಲ್ಲ ಟಿವಿ, ಕಾರ್ ಸ್ಟೀರಿಯೊ, ಕ್ಯಾಮೆರಾ, ಪ್ರಿಂಟರ್‌ಗಳೂ ಆ 32 ಬೈಟನ್ನು ಇದೇ ಅಳತೆಯಲ್ಲಿ ಓದುತ್ತವೆ. ಒಂದು ಬೈಟ್ ಆಚೀಚೆ ಸರಿದರೂ ಅವುಗಳಿಗೆ ಇಡೀ ಡ್ರೈವ್ ಅರ್ಥವಾಗದ ಕಸವಾಗಿ ಕಾಣುತ್ತದೆ. ಫ್ಯಾಟ್32 ಬಳಕೆಗೆ ಬಂದದ್ದು 1996ರಲ್ಲಿ, ವಿಂಡೋಸ್ 95ರ ಎರಡನೇ ಪರಿಷ್ಕೃತ ಆವೃತ್ತಿಯ ಜೊತೆಗೆ. ಮನೆ ಕಂಪ್ಯೂಟರಿನ ಇಡೀ ಹಾರ್ಡ್ ಡಿಸ್ಕೇ ಒಂದೆರಡು ಜಿಬಿ ಇದ್ದ ಕಾಲ ಅದು. ಒಂದೇ ಫೈಲ್ 4 ಜಿಬಿ ಆಗುತ್ತದೆ ಎಂಬುದು ಆಗ ಯಾರನ್ನೂ ಕಾಡುವ ಚಿಂತೆಯಾಗಿರಲಿಲ್ಲ.

ಇಂದಿನ ಲೆಕ್ಕ ನೋಡಿ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ತೆಗೆದ 4ಕೆ ವಿಡಿಯೊ ಸುಮಾರು 5 ನಿಮಿಷ 43 ಸೆಕೆಂಡಿಗೆ ಆ ಗೆರೆ ಮುಟ್ಟುತ್ತದೆ. 50 ಮೆಗಾಬಿಟ್ ಆದರೆ 11 ನಿಮಿಷ 27 ಸೆಕೆಂಡ್. ಪೂರ್ತಿ ತುಂಬಿದ ಒಂದು ಸಾಧಾರಣ ಡಿವಿಡಿಯ ಐಎಸ್‌ಒ ಫೈಲ್ (ಇಡೀ ಡಿಸ್ಕಿನ ಯಥಾಪ್ರತಿ) ಕೂಡ ಫ್ಯಾಟ್32ರಲ್ಲಿ ಹಿಡಿಸುವುದಿಲ್ಲ.

ಇಲ್ಲೊಂದು ಸಣ್ಣ ಗೊಂದಲ ಬಿಡಿಸಬೇಕು. ವಿಂಡೋಸ್ 1,024ರ ಲೆಕ್ಕದಲ್ಲಿ ಜಿಬಿ ಎಣಿಸುತ್ತದೆ, ಮ್ಯಾಕ್ ಮತ್ತು ಡ್ರೈವ್ ತಯಾರಕರು 1,000ದ ಲೆಕ್ಕದಲ್ಲಿ. ಅದೇ ಮಿತಿ ವಿಂಡೋಸ್‌ನಲ್ಲಿ 4 ಜಿಬಿ ಎಂದು ಕಂಡರೆ ಮ್ಯಾಕ್‌ನಲ್ಲಿ 4.29 ಜಿಬಿ ಎಂದು ಕಾಣುತ್ತದೆ. ಮ್ಯಾಕ್ 4.2 ಜಿಬಿ ಎಂದು ತೋರಿಸುವ ಫೈಲ್ ಫ್ಯಾಟ್32ಗೆ ಧಾರಾಳವಾಗಿ ಹೋಗುತ್ತದೆ, ವಿಂಡೋಸ್ 4.2 ಎಂದು ತೋರಿಸಿದ್ದು ಹೋಗುವುದಿಲ್ಲ. 64 ಜಿಬಿ ಎಂದು ಮೇಲೆ ಬರೆದ ಡ್ರೈವ್ ವಿಂಡೋಸ್‌ನಲ್ಲಿ 59 ಜಿಬಿಯ ಆಸುಪಾಸು ತೋರಿಸುವುದಕ್ಕೂ ಮುಖ್ಯ ಕಾರಣ ಇದೇ.

ಕಲಸಿಹೋಗುವ ಇನ್ನೆರಡು ಮಿತಿಗಳು

‘ಫ್ಯಾಟ್32 ಎಂದರೆ 32 ಜಿಬಿವರೆಗೆ ಮಾತ್ರ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದು ಫ್ಯಾಟ್32ರ ಮಿತಿಯೇ ಅಲ್ಲ, ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿಯ ಮಿತಿ. 1990ರ ದಶಕದಲ್ಲಿ ಆ ಕಿಟಕಿಯನ್ನು ಬರೆದ ಮೈಕ್ರೋಸಾಫ್ಟ್‌ನ ಎಂಜಿನಿಯರ್ ಡೇವ್ ಪ್ಲಮ್ಮರ್, 32 ಜಿಬಿ ಎಂಬುದು ತಾನೇ ಅಂದು ಆರಿಸಿ ಹಾಕಿದ ಸಂಖ್ಯೆ ಎಂದು ನಂತರ ಹೇಳಿಕೊಂಡಿದ್ದಾರೆ. ಅದು ದಶಕಗಳ ಕಾಲ ಹಾಗೆಯೇ ಉಳಿದುಕೊಂಡಿತು. ಬೇರೆ ತಂತ್ರಾಂಶ ಬಳಸಿದರೆ 64, 128 ಜಿಬಿಯ ಡ್ರೈವನ್ನೂ ಫ್ಯಾಟ್32 ಮಾಡಬಹುದು. ಹಾಗೆ ಮಾಡಿದರೂ ಒಂದು ಫೈಲಿನ 4 ಜಿಬಿ ಮಿತಿ ಒಂದಿಷ್ಟೂ ಸಡಿಲಾಗುವುದಿಲ್ಲ.

ಇನ್ನೊಂದು 2 ಟಿಬಿ ಮಿತಿ. ಡಿಸ್ಕಿನ 512 ಬೈಟಿನ ತುಣುಕುಗಳನ್ನು, ಅಂದರೆ ಸೆಕ್ಟರುಗಳನ್ನು, 32 ಬಿಟ್ಟಿನಲ್ಲಿ ಎಣಿಸಿದಾಗ ಬರುವ ಗೆರೆ ಅದು. ಫ್ಯಾಟ್32ರ ಒಟ್ಟು ಗಾತ್ರಕ್ಕೂ, ಡಿಸ್ಕ್ ಯಾವ ಯಾವ ಭಾಗಗಳಾಗಿದೆ ಎಂದು ಬರೆದಿಡುವ ಹಳೆಯ ಎಂಬಿಆರ್ ಪಾರ್ಟಿಶನ್ ಪಟ್ಟಿಗೂ ಇದು ಅನ್ವಯಿಸುತ್ತದೆ. 4 ಟಿಬಿ ಡಿಸ್ಕ್ 2 ಟಿಬಿಯಷ್ಟೇ ಬಳಕೆಗೆ ಸಿಗುತ್ತಿದ್ದರೆ ಪಾರ್ಟಿಶನ್ ಪಟ್ಟಿಯನ್ನು ಹೊಸ ಬಗೆಯ ಜಿಪಿಟಿಗೆ ಬದಲಿಸಬೇಕು. ಫೈಲ್ ಕಾಪಿ ಆಗದ ಸಮಸ್ಯೆಗೂ ಇದಕ್ಕೂ ನಂಟಿಲ್ಲ.

ಯಾವ ಫಾರ್ಮ್ಯಾಟ್? ಡ್ರೈವ್ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ

‘ಯಾವುದು ಒಳ್ಳೆಯದು’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ಈ ಡ್ರೈವನ್ನು ಯಾವ ಯಾವ ಯಂತ್ರಕ್ಕೆ ಚುಚ್ಚುತ್ತೇನೆ’ ಎಂದು ಕೇಳಿಕೊಂಡರೆ ತಕ್ಷಣ ಸಿಗುತ್ತದೆ.

ವಿಂಡೋಸ್, ಮ್ಯಾಕ್, ಹೊಸ ಫೋನು, ಹೊಸ ಟಿವಿ ಹೀಗೆ ಊರೂರು ತಿರುಗುವ ಡ್ರೈವ್ ಆದರೆ ಎಕ್ಸ್‌ಫ್ಯಾಟ್. ಮೈಕ್ರೋಸಾಫ್ಟ್ ಇದನ್ನು 2006ರಲ್ಲಿ ಪೆನ್ ಡ್ರೈವ್, ಮೆಮೊರಿ ಕಾರ್ಡುಗಳಿಗೆಂದೇ ತಂದಿತು. ಗಾತ್ರ ಬರೆಯುವ ಖಾನೆ ಇದರಲ್ಲಿ 8 ಬೈಟಿನದು, ಅಂದರೆ ಫೈಲಿನ ಗಾತ್ರದ ಚಿಂತೆ ನಮ್ಮ ಜೀವಮಾನಕ್ಕೆ ಮುಗಿಯಿತು. 32 ಜಿಬಿ ಮೀರಿದ ಎಸ್‌ಡಿಎಕ್ಸ್‌ಸಿ ಕಾರ್ಡುಗಳಿಗೆ ಇದೇ ಅಧಿಕೃತ ಫಾರ್ಮ್ಯಾಟ್. ಮ್ಯಾಕ್ 10.6.5ರಿಂದ ಇದನ್ನು ಓದುತ್ತದೆ, ಬರೆಯುತ್ತದೆ. ಐಫೋನುಗಳಲ್ಲಿ 2019ರ ಐಒಎಸ್ 13ರಿಂದ ಹೊರಗಿನ ಡ್ರೈವ್ ತೆರೆಯಬಹುದು. ಲಿನಕ್ಸ್‌ನದು ಮಾತ್ರ ತಡವಾದ ಕತೆ. ಎಕ್ಸ್‌ಫ್ಯಾಟ್ ಬಳಸಲು ಮೈಕ್ರೋಸಾಫ್ಟ್‌ನ ಪರವಾನಗಿ ಬೇಕಿತ್ತು. ಕಂಪನಿ 2019ರ ಆಗಸ್ಟ್‌ನಲ್ಲಿ ಅದರ ವಿವರಗಳನ್ನು ಬಹಿರಂಗಪಡಿಸಿದ ಮೇಲೆ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ 5.4ನೇ ಆವೃತ್ತಿಯಲ್ಲಿ ಪ್ರಾಯೋಗಿಕವಾಗಿ, 2020ರ 5.7ರಲ್ಲಿ ಸ್ಯಾಮ್‌ಸಂಗ್ ಕೊಟ್ಟ ಡ್ರೈವರ್ ಮೂಲಕ ಪಕ್ಕಾ ಆಗಿ ಸೇರಿತು. ಹಳೆಯ ಟಿವಿ, ಅಗ್ಗದ ಮೀಡಿಯಾ ಪ್ಲೇಯರ್, ಕಾರ್ ಸ್ಟೀರಿಯೊಗಳಲ್ಲಿ ಎಕ್ಸ್‌ಫ್ಯಾಟ್ ನಡೆಯದಿರಲು ಈ ಪರವಾನಗಿಯೂ ಒಂದು ದೊಡ್ಡ ಕಾರಣ.

ಎಕ್ಸ್‌ಫ್ಯಾಟ್‌ನ ದೌರ್ಬಲ್ಯ ಮುಚ್ಚಿಡುವಂತಿಲ್ಲ. ಫ್ಯಾಟ್32 ತನ್ನ ಹಂಚಿಕೆ ಪಟ್ಟಿಯ (ಯಾವ ತುಣುಕು ಯಾವ ಫೈಲಿನದು ಎಂಬ ಲೆಕ್ಕದ) ಎರಡು ಪ್ರತಿ ಇಟ್ಟುಕೊಳ್ಳುತ್ತದೆ, ಎಕ್ಸ್‌ಫ್ಯಾಟ್ ಸಾಮಾನ್ಯವಾಗಿ ಒಂದೇ ಪ್ರತಿ ಇಡುತ್ತದೆ. ‘ಈಗ ಇಂಥದ್ದನ್ನು ಬದಲಿಸಲು ಹೊರಟಿದ್ದೇನೆ’ ಎಂದು ಮುಂಚೆಯೇ ಬರೆದಿಟ್ಟುಕೊಳ್ಳುವ ಜರ್ನಲ್ ಇದಕ್ಕಿಲ್ಲ. ಬರೆಯುತ್ತಿರುವಾಗ ಕಿತ್ತರೆ, ಕರೆಂಟ್ ಹೋದರೆ, ಹಾನಿ ಆ ಒಂದು ಫೈಲಿಗಷ್ಟೇ ಆಗದೆ ಇಡೀ ಡ್ರೈವ್‌ನ ಲೆಕ್ಕವೇ ತಪ್ಪಬಹುದು. ಎಕ್ಸ್‌ಫ್ಯಾಟ್ ಡ್ರೈವನ್ನು ಎಜೆಕ್ಟ್ ಮಾಡದೆ ಎಂದೂ ಕೀಳಬೇಡಿ.

ಡ್ರೈವ್ ವಿಂಡೋಸ್ ಕಂಪ್ಯೂಟರುಗಳ ನಡುವೆಯೇ ಓಡಾಡುವುದಾದರೆ, ಅದರಲ್ಲೂ ಬ್ಯಾಕಪ್‌ಗೆಂದು ಇಟ್ಟ ಹಾರ್ಡ್ ಡಿಸ್ಕ್ ಆದರೆ, ಎನ್‌ಟಿಎಫ್‌ಎಸ್ ಗಟ್ಟಿ ಆಯ್ಕೆ. 1993ರ ವಿಂಡೋಸ್ ಎನ್‌ಟಿಯಿಂದ ಬಂದದ್ದು, ಜರ್ನಲ್ ಇದೆ, ಸಾಮಾನ್ಯ 4 ಕೆಬಿ ಕ್ಲಸ್ಟರಿನಲ್ಲೇ (ಕ್ಲಸ್ಟರ್ ಎಂದರೆ ಫೈಲಿಗೆ ಜಾಗ ಹಂಚುವ ಅತಿ ಚಿಕ್ಕ ತುಣುಕು) ಒಂದು ಫೈಲ್ 16 ಟಿಬಿವರೆಗೆ ಇರಬಹುದು. ತೊಂದರೆ ಏನೆಂದರೆ ಮ್ಯಾಕ್ ಇದನ್ನು ಓದುತ್ತದೆ, ಬರೆಯುವುದಿಲ್ಲ. ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಗುರುತಿಸುವುದೇ ಇಲ್ಲ. ಲಿನಕ್ಸ್ ಚೆನ್ನಾಗಿಯೇ ನಿಭಾಯಿಸುತ್ತದೆ. ವಿಚಿತ್ರವೆಂದರೆ ಎಕ್ಸ್‌ಫ್ಯಾಟ್ ಓದದ ಕೆಲವು ಹಳೆಯ ಟಿವಿಗಳು ಎನ್‌ಟಿಎಫ್‌ಎಸ್ ಓದುತ್ತವೆ. ಹಾಗಾಗಿ ಟಿವಿಗೆ ಸಿನಿಮಾ ಹಾಕಿಕೊಡುವ ಮುನ್ನ ಅದರ ಕೈಪಿಡಿಯಲ್ಲಿ ಯುಎಸ್‌ಬಿ ಪುಟ ನೋಡುವುದು ಒಳ್ಳೆಯದು.

ಮ್ಯಾಕ್‌ನ ಎಪಿಎಫ್‌ಎಸ್, ಲಿನಕ್ಸ್‌ನ ಇಎಕ್ಸ್‌ಟಿ4 ಎರಡಕ್ಕೂ 4 ಜಿಬಿ ಮಿತಿ ಇಲ್ಲ, ಆದರೆ ಅವು ಮನೆಯೊಳಗಿನ ಮಾತು. ವಿಂಡೋಸ್‌ಗೆ ಚುಚ್ಚಿದರೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ, ಗಾಬರಿಯಲ್ಲಿ ‘ಹೌದು’ ಒತ್ತಿದವರ ಡೇಟಾ ಹೋಗುತ್ತದೆ.

ಫಾರ್ಮ್ಯಾಟ್ ಬದಲಿಸುವುದು

ಡ್ರೈವ್‌ನಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ಕಾಪಿ ಮಾಡಿ, ಒಂದೆರಡು ಫೈಲ್ ತೆರೆದು ನೋಡಿ. ಫಾರ್ಮ್ಯಾಟ್ ಎಲ್ಲವನ್ನೂ ಅಳಿಸುತ್ತದೆ. ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್, ‘ಫಾರ್ಮ್ಯಾಟ್’, ‘ಫೈಲ್ ಸಿಸ್ಟಮ್’ನಲ್ಲಿ ಎಕ್ಸ್‌ಫ್ಯಾಟ್, ‘ಅಲೊಕೇಶನ್ ಯೂನಿಟ್ ಸೈಜ್’ ಇದ್ದ ಹಾಗೇ ಬಿಡಿ, ‘ಕ್ವಿಕ್ ಫಾರ್ಮ್ಯಾಟ್’ ಗುರುತು ಇರಲಿ, ‘ಸ್ಟಾರ್ಟ್’. ಒತ್ತುವ ಮುನ್ನ ಡ್ರೈವ್‌ನ ಅಕ್ಷರವನ್ನೂ ಗಾತ್ರವನ್ನೂ ಇನ್ನೊಮ್ಮೆ ನೋಡಿ. ಎರಡು ಡ್ರೈವ್ ಚುಚ್ಚಿಕೊಂಡಿದ್ದರೆ ಬೇಡದ್ದನ್ನು ಮೊದಲೇ ತೆಗೆದಿಡಿ.

ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿ ತೆರೆದು ‘ವ್ಯೂ’ ಒಳಗೆ ‘ಶೋ ಆಲ್ ಡಿವೈಸಸ್’ ಆರಿಸಿ, ಡ್ರೈವ್‌ನ ಅತಿ ಮೇಲಿನ ಸಾಲನ್ನು ಹಿಡಿದು ‘ಇರೇಸ್’ ಒತ್ತಿ. ಫಾರ್ಮ್ಯಾಟ್ ಎಕ್ಸ್‌ಫ್ಯಾಟ್. ‘ಸ್ಕೀಮ್’ ಎಂಬಲ್ಲಿ ಒಂದು ಎಚ್ಚರ ಬೇಕು: ಡ್ರೈವ್ ಟಿವಿ, ಕಾರ್ ಅಥವಾ ಕ್ಯಾಮೆರಾಗೆ ಹೋಗುವುದಿದ್ದರೆ ‘ಮಾಸ್ಟರ್ ಬೂಟ್ ರೆಕಾರ್ಡ್’ (ಮೇಲೆ ಹೇಳಿದ ಎಂಬಿಆರ್) ಆರಿಸಿ. ‘ಜಿಯುಐಡಿ’ (ಅಂದರೆ ಜಿಪಿಟಿ) ಆರಿಸಿದ ಡ್ರೈವ್ ಕಂಪ್ಯೂಟರಿನಲ್ಲಿ ಚೆನ್ನಾಗಿ ನಡೆದರೂ ಅಂಥ ಉಪಕರಣಗಳಲ್ಲಿ ಕಾಣಿಸಿಕೊಳ್ಳದೆ ಹೋಗಬಹುದು. ಎಕ್ಸ್‌ಫ್ಯಾಟ್ ಮಾಡಿದ್ದೇನೆ, ಆದರೂ ಟಿವಿ ಓದುತ್ತಿಲ್ಲ ಎಂಬ ದೂರಿಗೆ ಇದೂ ಒಂದು ಕಾರಣ.

ಡ್ರೈವ್ ತುಂಬಿದೆ, ಬೇರೆಡೆ ಇಡಲು ಜಾಗವಿಲ್ಲ ಎಂದಾದರೆ ವಿಂಡೋಸ್‌ನಲ್ಲಿ ಇನ್ನೊಂದು ದಾರಿ ಇದೆ. ಕಮಾಂಡ್ ಪ್ರಾಂಪ್ಟ್‌ನ ‘ಕನ್ವರ್ಟ್’ ಆದೇಶ ಫ್ಯಾಟ್32 ಡ್ರೈವನ್ನು ಒಳಗಿನ ಫೈಲುಗಳ ಸಮೇತ ಎನ್‌ಟಿಎಫ್‌ಎಸ್ ಮಾಡುತ್ತದೆ. ಅದು ಒಮ್ಮುಖ ರಸ್ತೆ: ಹಿಂದಕ್ಕೆ ಬರಲು ಫಾರ್ಮ್ಯಾಟೇ ಗತಿ, ಎಕ್ಸ್‌ಫ್ಯಾಟ್‌ಗೆ ಹೀಗೆ ಬದಲಿಸಲು ಬರುವುದಿಲ್ಲ. ಪರಿವರ್ತನೆಗೆ ಡ್ರೈವ್‌ನಲ್ಲಿ ಸ್ವಲ್ಪ ಖಾಲಿ ಜಾಗವೂ ಬೇಕು. ನಡುವೆ ಕರೆಂಟ್ ಹೋದರೆ ಅಪಾಯವಿರುವುದರಿಂದ, ಬೇರೆಲ್ಲೂ ಪ್ರತಿಯಿಲ್ಲದ ಫೋಟೊಗಳಿರುವ ಡ್ರೈವ್ ಮೇಲೆ ಇದನ್ನು ಮಾಡಬೇಡಿ.

ಫಾರ್ಮ್ಯಾಟ್ ಬದಲಿಸುವಂತಿಲ್ಲದಿದ್ದರೆ

ಡ್ರೈವ್ ಬೇರೆಯವರದು, ಅಥವಾ ಕೊನೆಗೆ ಓದುವ ಯಂತ್ರಕ್ಕೆ ಫ್ಯಾಟ್32 ಬಿಟ್ಟು ಬೇರೆ ಗೊತ್ತಿಲ್ಲ. ಆಗ ಫೈಲನ್ನು ತುಂಡು ಮಾಡಬೇಕು. ಜಿಪ್ ಮಾಡಿ ಚಿಕ್ಕದಾಗಿಸುತ್ತೇನೆ ಎಂದರೆ ವಿಡಿಯೊ ವಿಷಯದಲ್ಲಿ ಆಗದು. ಎಂಪಿ4 ಒಳಗಿನ ಚಿತ್ರ ಆಗಲೇ ಹಿಂಡಿ ಹಿಪ್ಪೆಯಾಗಿರುತ್ತದೆ, ಜಿಪ್‌ಗೆ ಹಿಂಡಲು ಏನೂ ಉಳಿದಿರುವುದಿಲ್ಲ.

7-ಜಿಪ್ ಎಂಬ ಉಚಿತ ತಂತ್ರಾಂಶದಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಆ್ಯಡ್ ಟು ಆರ್ಕೈವ್’ ತೆರೆಯಿರಿ. ‘ಕಂಪ್ರೆಶನ್ ಲೆವೆಲ್’ ಅನ್ನು ‘ಸ್ಟೋರ್’ ಮಾಡಿ, ಸಮಯ ಉಳಿಯುತ್ತದೆ. ‘ಸ್ಪ್ಲಿಟ್ ಟು ವಾಲ್ಯೂಮ್ಸ್’ ಪಟ್ಟಿಯಲ್ಲಿ ‘4092ಎಂ - ಫ್ಯಾಟ್’ ಎಂಬ ಆಯ್ಕೆ ಸಿದ್ಧವಾಗಿಯೇ ಇರುತ್ತದೆ. ನೀವೇ ಸಂಖ್ಯೆ ಬರೆಯುವುದಾದರೆ 4096ಎಂ ಎಂದು ಬರೆಯಬೇಡಿ. 4,096 ಎಂಬಿ ಎಂದರೆ ಸರಿಯಾಗಿ 429 ಕೋಟಿ 49 ಲಕ್ಷ 67 ಸಾವಿರದ 296 ಬೈಟ್, ಮಿತಿಗಿಂತ ಒಂದೇ ಒಂದು ಬೈಟ್ ಹೆಚ್ಚು. ಮೊದಲ ತುಂಡೇ ಕಾಪಿ ಆಗುವುದಿಲ್ಲ. 4000ಎಂ ಎಂದು ಬರೆದರೆ ಯಾವ ತಲೆನೋವೂ ಇಲ್ಲ.

ಕೊನೆಯಲ್ಲಿ 001, 002 ಎಂಬ ಸಂಖ್ಯೆಗಳಿರುವ ತುಂಡುಗಳು ಸಿಗುತ್ತವೆ. ತಲುಪಿದ ಕಡೆ ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ 001 ಮೇಲೆ ‘ಎಕ್ಸ್‌ಟ್ರ್ಯಾಕ್ಟ್’ ಕೊಡಿ, ಉಳಿದವನ್ನು ಅದೇ ಹುಡುಕಿಕೊಳ್ಳುತ್ತದೆ. ಬಿಚ್ಚುವುದು ಕಂಪ್ಯೂಟರಿನ ಡಿಸ್ಕಿಗೆ ಆಗಬೇಕು. ಅದೇ ಫ್ಯಾಟ್32 ಡ್ರೈವ್ ಮೇಲೆ ಬಿಚ್ಚಲು ಹೋದರೆ ಮತ್ತೆ ಅದೇ ಗೋಡೆಗೆ ಹಣೆ ತಾಗುತ್ತದೆ. ಒಂದು ತುಂಡು ಕಳೆದರೂ ಫೈಲ್ ಸರಿಯಾಗಿ ಬಿಚ್ಚುವುದಿಲ್ಲ.

ಆದರೆ ಈ ತುಂಡುಗಳನ್ನು ಟಿವಿ ನೇರವಾಗಿ ಆಡಿಸಲಾರದು. ಟಿವಿಗೇ ಬೇಕೆಂದರೆ ವಿಡಿಯೊವನ್ನು ಆಡುವ ಭಾಗಗಳಾಗಿಯೇ ಕತ್ತರಿಸಬೇಕು: ಲಾಸ್‌ಲೆಸ್‌ಕಟ್ ತಂತ್ರಾಂಶದಲ್ಲಿ ಮುಹೂರ್ತ ಒಂದು ಫೈಲ್, ಆರತಕ್ಷತೆ ಇನ್ನೊಂದು ಎಂದು ಗುಣಮಟ್ಟ ಕೆಡದಂತೆ ಬೇರ್ಪಡಿಸಬಹುದು. ಮದುವೆ ವಿಡಿಯೊ ಮಾಡಿಕೊಡುವವರು ಮೊದಲೇ ಹೀಗೆ ಭಾಗ ಮಾಡಿ ಕೊಟ್ಟರೆ ನೋಡುವವರಿಗೂ ಸುಲಭ, ಹಳ್ಳಿಮನೆಯ ಹಳೆಯ ಟಿವಿಗೂ ನಡೆಯುತ್ತದೆ.

ಕ್ಯಾಮೆರಾ ತಾನೇ ಮಾಡಿದ ತುಂಡುಗಳು

32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡಿನಲ್ಲಿ ಫ್ಯಾಟ್32 ಇರುವುದರಿಂದ ಕ್ಯಾಮೆರಾಗಳು 4 ಜಿಬಿ ಆದೊಡನೆ ಹೊಸ ಫೈಲ್ ಶುರು ಮಾಡುತ್ತವೆ. ಕೆಲವು ಕ್ಯಾಮೆರಾಗಳು ಎಕ್ಸ್‌ಫ್ಯಾಟ್ ಕಾರ್ಡಿನಲ್ಲೂ ಅದೇ ಅಭ್ಯಾಸ ಬಿಡುವುದಿಲ್ಲ. ಗೋಪ್ರೊದಲ್ಲಿ ಹೆಸರಿನ ನಡುವಿನ ಎರಡು ಅಂಕಿ ಭಾಗದ ಸಂಖ್ಯೆ, ಕೊನೆಯ ನಾಲ್ಕು ಅಂಕಿ ವಿಡಿಯೊ ಸಂಖ್ಯೆ. 010034 ಆದ ಮೇಲೆ ಬರುವುದು 020034. ಹೆಸರಿನ ಕ್ರಮದಲ್ಲಿ ಜೋಡಿಸಿದರೆ ನಡುವೆ 010035 ನುಗ್ಗಿ ಕುಳಿತಿರುತ್ತದೆ. ಜೋಡಿಸುವಾಗ ಕ್ರಮ ತಪ್ಪುವುದು ಇಲ್ಲೇ.

ಇವನ್ನು ಕೂಡಿಸುವ ಬಗೆಯೂ ಬೇರೆ. 7-ಜಿಪ್‌ನ ತುಂಡುಗಳು ಒಂದೇ ಬಟ್ಟೆಯನ್ನು ಕತ್ತರಿಸಿದ ಹಾಗೆ, ತುದಿಗೆ ತುದಿ ಸೇರಿಸಿದರೆ ಸಾಕು. ಕ್ಯಾಮೆರಾದ ಎಂಪಿ4 ತುಂಡು ಪ್ರತಿಯೊಂದೂ ತನ್ನದೇ ವಿಷಯಸೂಚಿ ಇರುವ ಪೂರ್ಣ ಫೈಲ್. ಎರಡನ್ನು ಸುಮ್ಮನೆ ಅಂಟಿಸಿದರೆ ಪ್ಲೇಯರ್ ಮೊದಲನೆಯದರ ಸೂಚಿಯನ್ನಷ್ಟೇ ಓದಿ ಅಲ್ಲಿಗೇ ನಿಲ್ಲಿಸುತ್ತದೆ. ಲಾಸ್‌ಲೆಸ್‌ಕಟ್‌ನ ‘ಮರ್ಜ್’ ಅಥವಾ ಎಫ್‌ಎಫ್‌ಎಂಪೆಗ್ ತಂತ್ರಾಂಶದ ‘ಕಾನ್‌ಕ್ಯಾಟ್’ ಬಳಸಿ ಸೇರಿಸಬೇಕು. ಸೇರಿಸಿದ ಫೈಲ್ 4 ಜಿಬಿ ಮೀರುತ್ತದೆ ಎಂಬುದು ನೆನಪಿರಲಿ. ಕಾರ್ಡನ್ನು ಕಂಪ್ಯೂಟರಿನಲ್ಲಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡುವುದು ಸರಿ. ತನಗೆ ಬೇಕಾದ ಫೋಲ್ಡರುಗಳನ್ನೂ ಕ್ರಮವನ್ನೂ ಅದೇ ಹಾಕಿಕೊಳ್ಳುತ್ತದೆ.

ಧ್ವನಿಮುದ್ರಣ ಮಾಡುವವರಿಗೆ ಇನ್ನೊಂದು ಬಲೆ ಇದೆ. ವೇವ್ ಫೈಲಿನೊಳಗೂ ಗಾತ್ರ ಬರೆಯುವ ಖಾನೆ 4 ಬೈಟಿನದೇ. ಡ್ರೈವ್ ಎಕ್ಸ್‌ಫ್ಯಾಟ್ ಆಗಿದ್ದರೂ ಈ ಮಿತಿ ಫೈಲಿನ ಜೊತೆಗೇ ಬರುತ್ತದೆ. 48 ಕಿಲೊಹರ್ಟ್ಸ್, 24 ಬಿಟ್, ಸ್ಟೀರಿಯೊದಲ್ಲಿ ಮುದ್ರಿಸಿದರೆ 4 ಗಂಟೆ 8 ನಿಮಿಷಕ್ಕೆ ಖಾನೆ ತುಂಬುತ್ತದೆ. ಇಡೀ ರಾತ್ರಿಯ ಯಕ್ಷಗಾನವನ್ನು ಒಂದೇ ವೇವ್ ಫೈಲಿನಲ್ಲಿ ಹಿಡಿಯಲು ಹೊರಟರೆ ಬೆಳಗಿನ ಜಾವದ ಪ್ರಸಂಗ ಕೈತಪ್ಪಬಹುದು. ರೆಕಾರ್ಡರಿನಲ್ಲಿ ತಾನಾಗಿ ಫೈಲ್ ಒಡೆಯುವ ಆಯ್ಕೆ ಇದ್ದರೆ ಹಾಕಿಡಿ, ಇಲ್ಲದಿದ್ದರೆ ಪ್ರಸಂಗಗಳ ನಡುವಿನ ಬಿಡುವಿನಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡಿ.

ವಿಂಡೋಸ್ ಇನ್‌ಸ್ಟಾಲ್ ಡ್ರೈವ್

ಇಲ್ಲಿ ಫ್ಯಾಟ್32 ಬಿಡುವಂತೆಯೂ ಇಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಯುಇಎಫ್‌ಐ (ಕಂಪ್ಯೂಟರನ್ನು ಶುರು ಮಾಡುವ ಒಳಗಿನ ತಂತ್ರಾಂಶ) ಇರುವ ಕಂಪ್ಯೂಟರುಗಳು ಬೂಟ್ ಆಗಲು ಖಚಿತವಾಗಿ ಓದುವುದು ಫ್ಯಾಟ್ ಡ್ರೈವನ್ನು ಮಾತ್ರ. ವಿಂಡೋಸ್ ಐಎಸ್‌ಒ ಒಳಗಿನ ‘ಇನ್‌ಸ್ಟಾಲ್.ವಿಮ್’ ಎಂಬ ಫೈಲ್ ಈಗ 4 ಜಿಬಿ ಮೀರುವುದು ಸಾಮಾನ್ಯ. ಕೈಯಾರೆ ಕಾಪಿ ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ವಿಂಡೋಸ್‌ನಲ್ಲೇ ಇರುವ ‘ಡಿಸ್ಮ್’ ಉಪಕರಣದ ‘ಸ್ಪ್ಲಿಟ್ ಇಮೇಜ್’ ಆದೇಶಕ್ಕೆ 3,800 ಎಂಬಿ ಗಾತ್ರ ಕೊಟ್ಟರೆ ಅದು ‘ಎಸ್‌ಡಬ್ಲ್ಯುಎಂ’ ಎಂಬ ತುಂಡುಗಳಾಗುತ್ತದೆ. ಅವನ್ನು ‘ಸೋರ್ಸಸ್’ ಫೋಲ್ಡರಿನಲ್ಲಿ ಇಟ್ಟರೆ ಇನ್‌ಸ್ಟಾಲರ್ ತಾನೇ ಗುರುತಿಸುತ್ತದೆ. ಇಷ್ಟು ಕಷ್ಟ ಬೇಡವೆಂದರೆ ರೂಫಸ್ ಎಂಬ ಉಚಿತ ತಂತ್ರಾಂಶ ಬಳಸಿ. ಅದು ದೊಡ್ಡ ಭಾಗವನ್ನು ಎನ್‌ಟಿಎಫ್‌ಎಸ್ ಮಾಡಿ, ಬೂಟ್‌ಗೆಂದೇ ಒಂದು ಪುಟ್ಟ ಫ್ಯಾಟ್ ಪಾರ್ಟಿಶನ್ ಸೇರಿಸುತ್ತದೆ.

ಕನ್ನಡದ ಹೆಸರುಗಳು ತರುವ ಲೆಕ್ಕ

ಫೈಲಿಗೆ ಕನ್ನಡದಲ್ಲಿ ಹೆಸರಿಡುವವರು ತಿಳಿದಿರಬೇಕಾದ ಎರಡು ಮಿತಿಗಳಿವೆ. ಇವನ್ನು ಹೇಳುವವರು ಕಡಿಮೆ.

ಫ್ಯಾಟ್32ರ ಒಂದು ಫೋಲ್ಡರಿನಲ್ಲಿ ಹೆಚ್ಚೆಂದರೆ 65,536 ದಾಖಲೆ ಹಿಡಿಸುತ್ತವೆ. ಹಳೆಯ ಕಾಲದ ಎಂಟಕ್ಷರದ ಇಂಗ್ಲಿಷ್ ಹೆಸರಿಗೆ ಒಂದು ದಾಖಲೆ ಸಾಕು. ಕನ್ನಡ ಹೆಸರಿಗೆ ಮಾತ್ರ ಪ್ರತಿ 13 ಸಂಕೇತಕ್ಕೆ ಒಂದು ಹೆಚ್ಚಿನ ದಾಖಲೆ ಬೇಕು. ಕಣ್ಣಿಗೆ ಕಾಣುವ ಅಕ್ಷರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ‘ಣ್ಣ’ ನೋಡಲು ಒಂದೇ ಅಕ್ಷರ, ಕಂಪ್ಯೂಟರಿಗೆ ಅದು ಮೂರು: ಣ, ಅರ್ಧಾಕ್ಷರದ ಗುರುತು, ಇನ್ನೊಂದು ಣ. ‘ಅಣ್ಣನ ಮದುವೆ ಮುಹೂರ್ತ’ ಎಂಬ ಎಂಪಿ4 ಫೈಲಿನ ಹೆಸರು ಕೊನೆಯ ಚುಕ್ಕೆ ಮತ್ತು ಎಂಪಿ4 ಸೇರಿ 23 ಸಂಕೇತ ಆಗುತ್ತದೆ, ಅಂದರೆ ಎರಡು ಹೆಚ್ಚಿನ ದಾಖಲೆ, ಒಟ್ಟು ಮೂರು. ಇಂಥ ಹೆಸರಿನ ಫೈಲುಗಳು ಒಂದೇ ಫೋಲ್ಡರಿನಲ್ಲಿ ಸುಮಾರು 21,800 ಆಗುವಷ್ಟರಲ್ಲಿ, ಡ್ರೈವ್‌ನಲ್ಲಿ ಎಷ್ಟೇ ಜಾಗವಿದ್ದರೂ, ಹೊಸ ಫೈಲ್ ಸೇರುವುದಿಲ್ಲ. ಉಪಾಯ ಸರಳ: ವರ್ಷಕ್ಕೊಂದು, ಸಮಾರಂಭಕ್ಕೊಂದು ಫೋಲ್ಡರ್ ಮಾಡಿ.

ಎರಡನೆಯದು ಲಿನಕ್ಸ್ ಬಳಸುವವರಿಗೆ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಎರಡರಲ್ಲೂ ಹೆಸರು 255 ಸಂಕೇತಗಳವರೆಗೆ ಇರಬಹುದು. ಇಎಕ್ಸ್‌ಟಿ4 ಎಣಿಸುವುದು ಸಂಕೇತಗಳನ್ನಲ್ಲ, ಬೈಟುಗಳನ್ನು: 255 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೂ ಅಲ್ಲಿ 3 ಬೈಟ್ ಬೇಕು, ಹಾಗಾಗಿ 85 ಸಂಕೇತಕ್ಕೆ ಮುಗಿಯಿತು. ಉಪನ್ಯಾಸದ ಪೂರ್ತಿ ಶೀರ್ಷಿಕೆಯನ್ನೇ ಹೆಸರಾಗಿ ಇಟ್ಟ ಫೈಲ್ ವಿಂಡೋಸ್‌ನಿಂದ ಪೆನ್ ಡ್ರೈವ್‌ಗೆ ಸಲೀಸಾಗಿ ಬಂದು, ಲಿನಕ್ಸ್‌ನ ಡಿಸ್ಕಿಗೆ ಇಳಿಯುವಾಗ ‘ಫೈಲ್ ನೇಮ್ ಟೂ ಲಾಂಗ್’ ಎಂದು ನಿಲ್ಲುವುದು ಇದಕ್ಕೇ. ಗಾತ್ರಕ್ಕೆ ಇದರಲ್ಲಿ ಪಾತ್ರವಿಲ್ಲ, ಹೆಸರು ಚಿಕ್ಕದು ಮಾಡಿದರೆ ಹೋಗುತ್ತದೆ.

ಸಣ್ಣ ಫೈಲುಗಳ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 32 ಜಿಬಿ ಮೀರಿದ ಡ್ರೈವನ್ನು ವಿಂಡೋಸ್ ಎಕ್ಸ್‌ಫ್ಯಾಟ್ ಮಾಡುವಾಗ ಕ್ಲಸ್ಟರ್ 128 ಕೆಬಿ ಇಡುತ್ತದೆ. 3 ಕೆಬಿಯ ಫೈಲೂ 128 ಕೆಬಿ ಜಾಗ ಹಿಡಿಯುತ್ತದೆ. ಅಂಥ ಒಂದು ಲಕ್ಷ ಫೈಲುಗಳು ನಿಜಕ್ಕೂ 300 ಎಂಬಿಯಷ್ಟೇ ಇದ್ದರೂ ಡ್ರೈವ್‌ನಲ್ಲಿ 12 ಜಿಬಿ ನುಂಗುತ್ತವೆ. ಅಂಥ ಫೋಲ್ಡರನ್ನು ಒಂದೇ ಜಿಪ್ ಮಾಡಿ ಕಾಪಿ ಮಾಡಿದರೆ ಜಾಗವೂ ಉಳಿಯುತ್ತದೆ, ಸಮಯವೂ ಬಹಳ ಉಳಿಯುತ್ತದೆ.

ಫಾರ್ಮ್ಯಾಟ್ ಸರಿಯಿದ್ದೂ ಆಗದಿದ್ದರೆ

ಡ್ರೈವ್ ಎಕ್ಸ್‌ಫ್ಯಾಟ್ ಇದೆ, ಜಾಗ ಇದೆ, ಆದರೂ ಕಾಪಿ ನಡುವೆ ನಿಲ್ಲುತ್ತದೆ, ಅಥವಾ ಕಾಪಿಯಾದ ವಿಡಿಯೊ ಅರ್ಧಕ್ಕೆ ಕೆಡುತ್ತದೆ. ಅತಿ ಅಗ್ಗಕ್ಕೆ ಸಿಕ್ಕ ‘2 ಟಿಬಿ’ ಪೆನ್ ಡ್ರೈವ್ ಆದರೆ ನಕಲಿ ಇರಬಹುದು. ಒಳಗಿನ ಚಿಪ್ ಚಿಕ್ಕದಿದ್ದು, ದೊಡ್ಡದೆಂದು ಕಂಪ್ಯೂಟರಿಗೆ ಸುಳ್ಳು ಹೇಳುವ ಡ್ರೈವ್‌ಗಳಿವೆ. ನಿಜವಾದ ಗಾತ್ರ ಮುಗಿದ ಮೇಲೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ, ಇಲ್ಲವೇ ಹಳೆಯದರ ಮೇಲೆಯೇ ಬೀಳುತ್ತದೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ಉಪಕರಣಗಳು ಡ್ರೈವ್ ತುಂಬ ಬರೆದು, ಮತ್ತೆ ಓದಿ ತಾಳೆ ನೋಡುತ್ತವೆ. ಗಂಟೆಗಟ್ಟಲೆ ಹಿಡಿಯಬಹುದು, ಆದರೆ ಹೊಸ ಡ್ರೈವ್‌ಗೆ ಮನೆಯ ಫೋಟೊಗಳನ್ನು ಒಪ್ಪಿಸುವ ಮುನ್ನ ಒಮ್ಮೆ ಮಾಡಲೇಬೇಕಾದ ಕೆಲಸ.

ಫ್ಯಾಟ್32 ಡ್ರೈವ್‌ಗೆ ಕಾಪಿ ಮಾಡಿದ್ದರಲ್ಲಿ ಸರಿಯಾಗಿ 429,49,67,295 ಬೈಟಿನ ಫೈಲ್ ಕಂಡರೆ ಅದು ಮುಂಡ ಮಾತ್ರ ಉಳಿದ ಫೈಲ್ ಎಂದೇ ತಿಳಿಯಿರಿ. ವಿಂಡೋಸ್ ಎಕ್ಸ್‌ಪ್ಲೋರರ್ ಶುರುವಿನಲ್ಲೇ ತಡೆಯುತ್ತದೆ. ಎಲ್ಲ ತಂತ್ರಾಂಶಗಳೂ ಅಷ್ಟು ಜಾಣತನ ತೋರುವುದಿಲ್ಲ. ಲಿನಕ್ಸ್‌ನ ಕಾಪಿ ಆದೇಶ ಮಿತಿ ಮುಟ್ಟುವ ತನಕ ಬರೆದು, ‘ಫೈಲ್ ಟೂ ಲಾರ್ಜ್’ ಎಂದು ಹೇಳಿ, ಆ ಅರ್ಧ ಫೈಲನ್ನು ಅಲ್ಲೇ ಬಿಟ್ಟು ನಿಲ್ಲುತ್ತದೆ. ಮೂಲವನ್ನು ಅಳಿಸುವ ಮುನ್ನ ಎರಡರ ಗಾತ್ರವನ್ನೂ ಬೈಟ್ ಲೆಕ್ಕದಲ್ಲಿ ಹೋಲಿಸಿ. ಬೆಲೆಬಾಳುವ ಫೈಲ್ ಆದರೆ 7-ಜಿಪ್‌ನ ರೈಟ್ ಕ್ಲಿಕ್ ಮೆನುವಿನಲ್ಲಿ ‘ಸಿಆರ್‌ಸಿ ಎಸ್‌ಎಚ್‌ಎ’ ಒಳಗಿನ ‘ಎಸ್‌ಎಚ್‌ಎ-256’ ಆರಿಸಿ, ಎರಡೂ ಕಡೆ ಬರುವ ಉದ್ದನೆಯ ಸಂಖ್ಯೆ ಒಂದೇ ಇದೆಯೇ ನೋಡಿ. ಆದರೆ ಕಾಪಿ ಮುಗಿದ ಕ್ಷಣದಲ್ಲೇ ಇದನ್ನು ಮಾಡಿದರೆ ಕಂಪ್ಯೂಟರ್ ತನ್ನ ಮೆಮೊರಿಯಲ್ಲಿ ಇರುವುದನ್ನೇ ಓದಿ ‘ಸರಿಯಿದೆ’ ಎನ್ನಬಹುದು. ಡ್ರೈವನ್ನು ಎಜೆಕ್ಟ್ ಮಾಡಿ, ಕಿತ್ತು, ಮತ್ತೆ ಚುಚ್ಚಿದ ಮೇಲೆ ಪರೀಕ್ಷಿಸಿ.